ಅಪ್‌ಡೇಟ್: ಅವ್ವನ ಅರೆತಲೆನೋವು

ದಿನಾ ಮಾತ್ರೆ ನುಂಗಿದರೂ ಅವ್ವನ ಅರೆತಲೆನೋವು ಯಾಕೆ ಹೋಗ್ತಿಲ್ಲ ಅಂತ ಕೇಳಿದ್ದೆನಲ್ಲ, ವಿಜಯಪುರದಲ್ಲೇ ನರರೋಗ ತಜ್ಞರಿಗೆ ತೋರಿಸಿದೆವು. ಮೈಗ್ರೇನ್ ಇದ್ದವರು ಪ್ಯಾರಾಸಿಟಮಾಲ್‌ನಂಥ ಮಾತ್ರೆಯನ್ನು ತಿಂಗಳಿಗೆ 15 ದಿನ ಇಲ್ಲವೇ ಅದಕ್ಕಿಂತ ಜಾಸ್ತಿ, ಹಾಗೇ ತಿಂಗಳುಗಟ್ಟಲೆ ತಗೊಂಡರೆ ಆ ಮಾತ್ರೆಯೇ ತಲೆನೋವು ತರುತ್ತದಂತೆ! ಅವ್ವ ನಂಬಲೇ ಇಲ್ಲ. ಅದನ್ನು ಬಿಟ್ಟ ಹೊಸದರಲ್ಲಿ ನೋವು ಇನ್ನೂ ಹೆಚ್ಚಾಯಿತು. ಹಾಗಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ಈಗ ನೋವು ಬರದಂತೆ ತಡೆಯಲು ಪ್ರೊಪ್ರನೊಲಾಲ್ ಅನ್ನೋ ಮಾತ್ರೆ ನಡೆದಿದೆ. ಆಸ್ತಮಾ ಇದ್ದವರಿಗೆ ಅದು ಆಗಿಬರಲ್ಲ, ಸುಮ್ನೆ ನೋಡಿ ತಗೋಬೇಡಿ. ನೋವು ಬಂದ ದಿನಕ್ಕೆ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಕೆಂಪು ಗುರುತು ಹಾಕ್ತಿದ್ದೇವೆ. ಸೋಮವಾರಗಳೇ ಜಾಸ್ತಿ ಕೆಂಪು, ಉಪವಾಸ ಅಲ್ವಾ! ಉಪವಾಸ ಬಿಡಲು ಅವ್ವ ಸುತಾರಾಂ ಒಪ್ಪಲಿಲ್ಲ. ಹೊತ್ತಿಗೆ ಸರಿಯಾಗಿ ಬಾಳೆಹಣ್ಣು, ಮಜ್ಜಿಗೆಗೆ ರಾಜಿಯಾಗಿದ್ದಾಳೆ. ಕೆಂಪು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ.