ತುಣುಕಿನಲ್ಲಿ ತಾರೀಖೇ ಇಲ್ಲ

ದೊಡ್ಡಪ್ಪ (ಶಿರಸಿ): [ಫೋಟೋ: ಪೇಪರ್ ತುಣುಕು, ‘ಗುಡ್ಡ ಕುಸಿತ: ಹೆದ್ದಾರಿ ಬಂದ್’]
ಘಟ್ಟದ ಕೆಳಗೆ ಯಾರೂ ಹೊರಡಬೇಡಿ.

ಅತ್ತೆ (ಕುಮಟಾ): ಅಯ್ಯೋ ದೇವರೇ! ಮಗ ಕಾರವಾರಕ್ಕೆ ಹೊರಟಾಯ್ತು. ಫೋನೂ ತಾಗ್ತಾ ಇಲ್ಲ. ಎಲ್ಲಿ ಕುಸಿದದ್ದು?

ಭಾವ (ಕಾರವಾರ): ಗಾಬರಿ ಬೇಡ ಅತ್ತೆ. ನಾನು ಈಗಷ್ಟೇ ಅಂಕೋಲೆಯಿಂದ ಬಂದೆ, ರಸ್ತೆ ಸರಿ ಇದೆ. ದೊಡ್ಡಪ್ಪ, ಇದು ಯಾವತ್ತಿನ ಪೇಪರ್?

ದೊಡ್ಡಪ್ಪ: ಬೆಳಿಗ್ಗೆ ಬೇರೆ ಗ್ರೂಪಲ್ಲಿ ಬಂತು. ಅಚ್ಚಾಗಿದ್ದು ಸುಳ್ಳಾಗ್ತದಾ?

ಅಕ್ಕ (ಹೊನ್ನಾವರ): ಸುಳ್ಳಲ್ಲ, ಹಳತು. ಚಿತ್ರದಲ್ಲಿ ಗಂಗಾವಳಿಯಲ್ಲಿ ತೇಲುವ ಗ್ಯಾಸ್ ಟ್ಯಾಂಕರ್ ಇದೆ ನೋಡಿ. 2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರು. ಯಾರೋ ವರದಿಯ ಮೊದಲಿಗೆ ಊರು ಹೇಳುವ ಡೇಟ್‌ಲೈನ್, ಬರೆದವರ ಹೆಸರಿನ ಬೈಲೈನ್ ಎರಡನ್ನೂ ಕತ್ತರಿಸಿ ಹೆಡ್‌ಲೈನ್ ಮಾತ್ರ ಉಳಿಸಿದ್ದಾರೆ.

ತಮ್ಮ (ಬೆಂಗಳೂರು): ಪೇಪರಿನವರಿಗೆ ಎಲ್ಲಾ ಲೈನೇ! ಡೆಡ್‌ಲೈನ್ ಬೇರೆ. ಒಂದು ಸಾಲು ಹೋದರೆ ಎಂತಾಯ್ತು ಅಕ್ಕಾ?

ಅಕ್ಕ: ಹೆಸರಲ್ಲಿ ಲೈನ್ ಇದ್ದ ಮಾತ್ರಕ್ಕೆ ಎಲ್ಲದರ ಕೆಲಸ ಒಂದೇ ಅಲ್ಲ ಮಾರಾಯ. ಡೆಡ್‌ಲೈನ್ ಹುಟ್ಟಿದ್ದು ಪತ್ರಿಕೆಯಲ್ಲೂ ಅಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಹೊತ್ತಿಗೆ, ಸೆರೆಶಿಬಿರದ ಕೈದಿ ದಾಟಿದರೆ ಗುಂಡು ಹಾರಿಸುತ್ತಿದ್ದ ಗೆರೆ ಅದು. ಪುಟ ಮುಗಿಸಲೇಬೇಕಾದ ಗಡುವಿಗೆ ಪತ್ರಿಕೆಯವರು ಆ ಹೆಸರು ಹಚ್ಚಿದ್ದು ಆಮೇಲೆ. ಓದುಗರಿಗೆ ಅದು ಕಾಣುವುದೇ ಇಲ್ಲ.
ಹೆಡ್‌ಲೈನನ್ನು ಸಾಮಾನ್ಯವಾಗಿ ವರದಿಗಾರ ಬರೆಯುವುದಿಲ್ಲ. ಡೆಸ್ಕಿನಲ್ಲಿ ಕೂತ ಉಪಸಂಪಾದಕರು ಇರುವ ಜಾಗಕ್ಕೆ ಹೊಂದಿಸಿ ಕೊಡುತ್ತಾರೆ. ನಾನೂ ವರ್ಷಗಟ್ಟಲೆ ಅದನ್ನೇ ಮಾಡಿದವಳು. ಊರು, ದಿನ ಎಲ್ಲ ಅದರಲ್ಲಿ ಹಿಡಿಯುವುದಿಲ್ಲ, ಓದುಗರು ಪಕ್ಕದಲ್ಲೇ ನೋಡುತ್ತಾರೆ ಎಂಬ ಧೈರ್ಯದ ಮೇಲೆ ಬಿಟ್ಟಿರುತ್ತೇವೆ. ಆ ಪಕ್ಕದ್ದನ್ನೇ ಕತ್ತರಿಸಿದರೆ ಹೇಗೆ?

ಭಾವ: ಡೇಟ್‌ಲೈನ್ ಇದ್ದರೂ ಏನು ಪ್ರಯೋಜನ? ಗುಡ್ಡ ಕುಸಿದದ್ದು ಶಿರೂರಲ್ಲಿ, ಪೇಪರಲ್ಲಿ ‘ಕಾರವಾರ:’ ಅಂತಿರುತ್ತದೆ. ಅದೇ ವಿಷಯ ವಿಧಾನಸಭೆಯಲ್ಲಿ ಬಂದರೆ ‘ಬೆಂಗಳೂರು:’.

ಅಕ್ಕ: ಅದು ಘಟನೆ ನಡೆದ ಊರಲ್ಲ ಭಾವ, ವರದಿ ಹೊರಟ ಊರು. ಬರೆದವರು ಎಲ್ಲಿದ್ದು ಬರೆದರು ಅನ್ನುವುದು ಓದುಗರಿಗೆ ಬೇಡವಾ? ಶಿರೂರಿನ ಮಣ್ಣಿನ ರಾಶಿ ಎದುರು ನಿಂತು ಬರೆದದ್ದಕ್ಕೂ ರಾಜಧಾನಿಯಲ್ಲಿ ಕೂತು ಬರೆದದ್ದಕ್ಕೂ ವ್ಯತ್ಯಾಸ ಉಂಟು.

ಅತ್ತೆ: ಶಿರೂರು ಅಂದರೆ ಯಾವುದು ಅಂತಲೇ ಆಗ ಗೊಂದಲ ಆಗಿತ್ತು. ಬೈಂದೂರಿನ ಬೀಗರು ತಮ್ಮ ಶಿರೂರೇ ಅಂದುಕೊಂಡು ಹೆದರಿಬಿಟ್ಟಿದ್ದರು.

ಭಾವ: ಹೌದು, ಎರಡೂ ಹೆದ್ದಾರಿ 66ರ ಮೇಲೇ ಇವೆ. ‘ಅಂಕೋಲಾ’ ಅಂತ ಒಂದು ಮಾತು ಇದ್ದರೆ ಸಾಕಿತ್ತು.

ದೊಡ್ಡಪ್ಪ: ನೀವೆಲ್ಲ ಸೇರಿ ನನ್ನನ್ನು ಕಟಕಟೆಗೆ ಹತ್ತಿಸಿದಿರಿ. ನಾನು ಜಾಗ್ರತೆಗೆ ಹಾಕಿದ್ದು. ಆ ದಿನ ಯಾರಾದರೂ ಹೀಗೆ ಮೊದಲೇ ಹೇಳಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು!

ಅಕ್ಕ: ನನಗೆ ಸಂಕಟ ಅದಕ್ಕೇ ದೊಡ್ಡಪ್ಪ. ಹೆದ್ದಾರಿ ಬದಿಯ ಚಹಾದಂಗಡಿಯ ಸಂಸಾರವೇ ಹೋದ ಸುದ್ದಿ ಇದು. ಸೆಪ್ಟೆಂಬರ್ 25ರವರೆಗೂ ಒಂದು ಲಾರಿ ನದಿಯೊಳಗೇ ಇತ್ತು. ಅಂಥದ್ದನ್ನು ಪ್ರತಿ ಮಳೆಗಾಲ ‘ಇವತ್ತಿನದು’ ಅಂತ ಹರಿಯಬಿಟ್ಟರೆ, ನಿಜವಾಗಿ ಗುಡ್ಡ ಜಾರಿದ ದಿನ ಯಾರು ನಂಬುತ್ತಾರೆ?

ತಮ್ಮ: ಊರಿನ ಹೆಸರಾಯ್ತು. ತಾರೀಖು? ಡೇಟ್‌ಲೈನ್ ಅಂತೀರಿ, ನಮ್ಮ ಪೇಪರುಗಳ ಡೇಟ್‌ಲೈನಲ್ಲಿ ಡೇಟೇ ಇರೋದಿಲ್ಲ!

ಅಕ್ಕ: ಈಗ ಹೆಚ್ಚಿನವು ದಪ್ಪ ಅಕ್ಷರದಲ್ಲಿ ಊರಿನ ಹೆಸರಷ್ಟೇ ಹಾಕುತ್ತವೆ, ನಿಜ. ಅಂಚೆ, ತಂತಿಯಲ್ಲಿ ಸುದ್ದಿ ಬರುತ್ತಿದ್ದಾಗ ಬರೆದ ದಿನಕ್ಕೂ ಅಚ್ಚಾದ ದಿನಕ್ಕೂ ಅಂತರ ಇರುತ್ತಿತ್ತು, ತಾರೀಖು ಬೇಕೇ ಆಗಿತ್ತು. ಈಗ ಅದು ಇರುವುದು ಪುಟದ ತಲೆಯ ಪಟ್ಟಿಯಲ್ಲಿ. ಹಾಗಾಗಿ ತುಣುಕು ಕತ್ತರಿಸಿದ ಕೂಡಲೇ ಮೊದಲು ಹೋಗುವುದೇ ತಾರೀಖು. ನನ್ನ ಕೇಳಿದರೆ, ವಾಟ್ಸಾಪ್ ಕಾಲದಲ್ಲಿ ಪತ್ರಿಕೆಗಳು ಅದನ್ನು ವರದಿಯ ಒಳಗೇ ಮತ್ತೆ ತರಬೇಕು.

ಅತ್ತೆ: ಮಗ ಫೋನ್ ಮಾಡಿದ! ಅಂಕೋಲಾ ದಾಟಿದನಂತೆ.

ಭಾವ: ಒಳ್ಳೇದಾಯ್ತು. ದೊಡ್ಡಪ್ಪ, ಆ ಫೋಟೋ ಅಳಿಸಿ.

ದೊಡ್ಡಪ್ಪ: ಅಳಿಸಿದೆ. ಆದರೆ ಪುಟದ ತಲೆ ಸೇರಿಸಿ ಫೋಟೋ ತೆಗೆದರೆ ಅಕ್ಷರ ಸಣ್ಣ ಆಗ್ತದೆ, ನನ್ನ ಕಣ್ಣಿಗೆ ಕಾಣುವುದಿಲ್ಲ.

ಅಕ್ಕ: ಎರಡು ಫೋಟೋ ಹಾಕಿ ದೊಡ್ಡಪ್ಪ. ಮೊದಲು ಇಡೀ ಪುಟ, ಆಮೇಲೆ ಸುದ್ದಿ.