ಅಪ್‌ಡೇಟ್: ಟಿವಿ ಅಡುಗೆ ನೋಡಿ ಹೋಟೆಲಿಗೆ ಗಿರಾಕಿ ಬಂದರು
ಟಿವಿ ಅಡುಗೆ ಕಾರ್ಯಕ್ರಮದಿಂದ ಸಾಗರದ ನಮ್ಮ ಪುಟ್ಟ ಹೋಟೆಲಿಗೆ ಜನ ಬರುವಂತೆ ಮಾಡುವುದು ಹೇಗೆ ಅಂತ ಕೇಳಿದ್ದೆ ಅಲ್ವಾ? ನಾನು ಅಡುಗೆ ಮಾಡಿದ ಕಂತು ಪ್ರಸಾರವಾಯಿತು.

ಟಿವಿ ಫೋಟೊ ಹಾಕಿ ಫ್ಲೆಕ್ಸ್ ಕಟ್ಟಿಸಿದ್ದು ದಂಡ. ಜೋಗಕ್ಕೆ ಹೋಗುವವರು ಯಾರೂ ಅದನ್ನು ನೋಡಿ ಗಾಡಿ ನಿಲ್ಲಿಸಲಿಲ್ಲ. ಕೆಲಸಕ್ಕೆ ಬಂದದ್ದು "ಮೆನುವಿನಲ್ಲಿ ಇರುವುದನ್ನೇ ಟಿವಿಯಲ್ಲಿ ಮಾಡಿ" ಅನ್ನುವ ಸಲಹೆ. ಕಳಲೆ (ಎಳೆ ಬಿದಿರಿನ ಮೊಳಕೆ) ಪಲ್ಯ ಮಾಡಿದೆ. ಕಳಲೆ ಹೆಚ್ಚಿ, ದಿನಾ ನೀರು ಬದಲಿಸುತ್ತಾ 3 ದಿನ ನೆನೆಸಿ, ಆಮೇಲೆ ಚೆನ್ನಾಗಿ ಬೇಯಿಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಹಾಗಾಗಿ ಶೂಟಿಂಗ್‌ಗೆ ನೆನೆಸಿದ್ದನ್ನೇ ಡಬ್ಬಿಯಲ್ಲಿ ಒಯ್ದಿದ್ದೆ. ಇದನ್ನು ವಿವರಿಸಿದ ತುಣುಕನ್ನು ವಾಟ್ಸಾಪ್ ಸ್ಟೇಟಸ್‌ಗೆ ಹಾಕಿದೆ. ಅದನ್ನು ನೋಡಿಯೇ ಜನ ಬಂದರು.

ಆಶ್ಚರ್ಯ ಅಂದ್ರೆ, ಅವರು ಜಾಸ್ತಿ ಕೇಳಿದ್ದು ಪಕ್ಕದಲ್ಲಿ ಸುಮ್ನೆ ಇಟ್ಟಿದ್ದ ಒಂದೆಲಗದ ತಂಬುಳಿ! ಈಗ ಅದು ದಿನಾ ಇರುತ್ತದೆ. ಸಲಹೆ ಕೊಟ್ಟವರು ಖಂಡಿತ ಬನ್ನಿ, ಊಟ ನಮ್ಮ ಕಡೆಯಿಂದ.