“ಎವ್ರಿ ಗೆಸ್ಟ್ ಹ್ಯಾಸ್” ಅಂದ ಮೇಲೆ “ದೇರ್” ಹೇಗೆ ಬರುತ್ತೆ?

ಎಲ್ಲರಿಗೂ ನಮಸ್ಕಾರ. ಗೋಣಿಕೊಪ್ಪದ ಹತ್ತಿರದ ಒಂದು ಹೋಂಸ್ಟೇಗೆ ಇಂಗ್ಲಿಷ್ ಬೋರ್ಡ್ ಬರೆದುಕೊಟ್ಟಿದ್ದೆ. ಅದರಲ್ಲಿ “ಎವ್ರಿ ಗೆಸ್ಟ್ ಹ್ಯಾಸ್ ಟು ಲೀವ್ ದೇರ್ ಕೀ ಅಟ್ ದ ಆಫೀಸ್” ಅಂತ ಒಂದು ಸಾಲಿದೆ. ಆ ಮನೆಯ ಹಿರಿಯರು ಇದು ತಪ್ಪು ಅನ್ನುತ್ತಾರೆ. “ಹ್ಯಾಸ್” ಏಕವಚನ, “ದೇರ್” ಬಹುವಚನ, ಒಂದೇ ವಾಕ್ಯದಲ್ಲಿ ಎರಡೂ ಹೇಗೆ ಕೂರುತ್ತವೆ, “ಹಿಸ್ ಕೀ” ಅಂತಲೇ ಇರಬೇಕು ಅನ್ನೋದು ಅವರ ವಾದ.

ನನ್ನ ಪ್ರಕಾರ “ದೇರ್” ಸರಿ. ಇದು ಈಗಿನ ಫ್ಯಾಷನ್ ಅಲ್ಲ. ಒಬ್ಬರ ಬಗ್ಗೆಯೇ ಹೇಳುವಾಗಲೂ “ದೇ”, “ದೇರ್” ಬಳಸುವುದು ಇಂಗ್ಲಿಷಿನಲ್ಲಿ 14ನೇ ಶತಮಾನದಿಂದ ಇದೆ. ಅಲ್ಲಿ “ಹಿಸ್” ಮಾತ್ರ ಸರಿ ಅಂತ ವ್ಯಾಕರಣದ ಪುಸ್ತಕಗಳು ಪಟ್ಟು ಹಿಡಿದದ್ದು ಎಷ್ಟೋ ಆಮೇಲೆ, 18ನೇ ಶತಮಾನದಲ್ಲಿ. ಅಮೆರಿಕನ್ ಸೈಕಲಾಜಿಕಲ್ ಅಸೋಸಿಯೇಷನ್ ತನ್ನ ಬರವಣಿಗೆ ಕೈಪಿಡಿಯ 7ನೇ ಆವೃತ್ತಿಯಲ್ಲಿ, ಅಂದರೆ 2019ರಲ್ಲಿ, ಇದನ್ನು ಒಪ್ಪಿಕೊಂಡಿದೆ. “ಯೂ” ಕೂಡ ಮೊದಲು ಬಹುವಚನವೇ ಆಗಿತ್ತು, ಒಬ್ಬರಿಗೆ “ದೌ” ಅನ್ನುತ್ತಿದ್ದರು. ಈಗ ಎದುರಿಗೆ ಒಬ್ಬರೇ ಇದ್ದರೂ “ಯೂ ಆರ್” ತಾನೇ? ಒಬ್ಬರಿಗೇ “ನೀವು ಬನ್ನಿ” ಅನ್ನುವ ನಮಗೆ ಇದು ಹೊಸದೇನಲ್ಲ.

ಇನ್ನೂ ಒಂದು ಮಾತಿದೆ. ಅದೇ ಸಾಲನ್ನು ಕನ್ನಡದಲ್ಲಿ ಬರೆದರೆ “ಪ್ರತಿಯೊಬ್ಬರೂ ತಮ್ಮ ಕೀಲಿ ಕೊಟ್ಟು ಹೋಗಬೇಕು” ಅಂತ ಬರೆಯುತ್ತೇವೆ. “ತಮ್ಮ” ಅಂದಾಗ ಬಂದವರು ಗಂಡೋ ಹೆಣ್ಣೋ ಅನ್ನೋ ಪ್ರಶ್ನೆಯೇ ಬರಲ್ಲ. ಆ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡುವುದು “ದೇರ್”, “ಹಿಸ್” ಅಲ್ಲ. ಆದರೆ ಕನ್ನಡ ಅಲ್ಲಿಗೇ ಕೈ ಬಿಡುತ್ತೆ. “ಪ್ರತಿಯೊಬ್ಬರೂ ಬಂದಿದ್ದಾರೆ” ಅನ್ನೋದನ್ನು ಮನಸ್ಸಿನಲ್ಲಿಟ್ಟುಕೊಂಡು “ಎವ್ರಿಒನ್ ಹ್ಯಾವ್ ಕಮ್” ಅಂತ ಬರೆದರೆ ಅದು ತಪ್ಪು. ಅಲ್ಲಿ “ಹ್ಯಾಸ್” ಬೇಕೇ ಬೇಕು.

ಸಂಜೆ ಹೊತ್ತು ಅಕ್ಕಪಕ್ಕದ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡ್ತೀನಿ, ಹಾಗಾಗಿ ಈ ವಿಷಯ ತುಂಬಾ ದಿನದಿಂದ ತಲೆಯಲ್ಲಿದೆ. ಮಕ್ಕಳ ತಪ್ಪು ಸುಮ್ನೆ ಬರೋದಲ್ಲ. “ಹೀ ಡೋಂಟ್ ನೋ” ಅನ್ನೋದನ್ನೇ ನೋಡಿ. ಕನ್ನಡದಲ್ಲಿ ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ. “ಇಲ್ಲ” ಯಾರಿಗೂ ಬದಲಾಗಲ್ಲ. ಹಾಗಿದ್ದಾಗ “ಡೋಂಟ್” ಮಾತ್ರ ಯಾಕೆ “ಡಸಂಟ್” ಆಗಬೇಕು ಅಂತ ಮಗುವಿಗೆ ಹೊಳೆಯೋದೇ ಇಲ್ಲ. “ಹತ್ತು ಮರ ಇದೆ” ಅಂತ ಆಡುಮಾತಿನಲ್ಲಿ ಆರಾಮಾಗಿ ನಡೆಯುತ್ತೆ, ಅದರಿಂದ “ಟೆನ್ ಟ್ರೀಸ್ ಈಸ್ ದೇರ್” ಬರುತ್ತೆ. ಎಲ್ಲಕ್ಕಿಂತ ಜಾಸ್ತಿ ಕಾಡೋದು “ಒನ್ ಆಫ್ ದ ರೂಮ್ಸ್ ಆರ್ ಎಂಪ್ಟಿ” ಅನ್ನೋ ತಪ್ಪು. “ರೂಮುಗಳಲ್ಲಿ ಒಂದು ಖಾಲಿ ಇದೆ” ಅನ್ನುವಾಗ “ಒಂದು” ಹಿಂದೆ ಬರುತ್ತೆ, ಕ್ರಿಯಾಪದಕ್ಕೆ ಹತ್ತಿರ ಇರುತ್ತೆ, ತಪ್ಪೋಕೆ ಅವಕಾಶವೇ ಇಲ್ಲ. ಇಂಗ್ಲಿಷಿನಲ್ಲಿ “ಒನ್” ಮೊದಲೇ ಬಂದು ಹೋಗುತ್ತೆ, ಕ್ರಿಯಾಪದದ ಪಕ್ಕ ಸಿಗೋದು “ರೂಮ್ಸ್”, ಕೈ ತಾನಾಗಿ “ಆರ್” ಬರೆದುಬಿಡುತ್ತೆ. ದೊಡ್ಡವರೂ ಇಲ್ಲಿ ಎಡವುತ್ತಾರೆ.

(“ಬೆಡ್ ಆಂಡ್ ಬ್ರೇಕ್‌ಫಾಸ್ಟ್ ಈಸ್” ಸರಿಯಾ ಅಂತಲೂ ಅದೇ ಮನೆಯಲ್ಲಿ ಕೇಳಿದ್ದರು. ಸರಿ. ಎರಡೂ ಸೇರಿ ಒಂದೇ ಲೆಕ್ಕ, ಹಾಗಾಗಿ ಏಕವಚನ. “ಸ್ಟಾಫ್” ಮುಂದೆ ಬ್ರಿಟಿಷ್ ಇಂಗ್ಲಿಷಿನಲ್ಲಿ “ಈಸ್”, “ಆರ್” ಎರಡೂ ನಡೆಯುತ್ತೆ, ಅಮೆರಿಕದವರು ಹೆಚ್ಚಾಗಿ “ಈಸ್” ಅನ್ನುತ್ತಾರೆ.)

ಈಗ ನಿಮ್ಮಿಂದ ಬೇಕಾಗಿರೋದು ಇದು. ಕೊಡಗಿನಲ್ಲಿ ಮಕ್ಕಳ ಮನೆಮಾತು ಒಂದೇ ಅಲ್ಲ. ಮಲಯಾಳ ಮಾತಾಡುವ ಮಗುವಿಗೆ “ಞಾನ್ ವನ್ನು, ಅವಳ್ ವನ್ನು, ಅವರ್ ವನ್ನು”, ಎಲ್ಲಕ್ಕೂ ಒಂದೇ ರೂಪ. ಆ ಮಗು “ಶೀ ಕಮ್” ಅಂತ ಬರೆದರೆ ಕನ್ನಡದ “ಬಂದಳು, ಬಂದರು” ತೋರಿಸಿ ತಿದ್ದಿ ಏನು ಪ್ರಯೋಜನ? ಅದಕ್ಕೆ ಬೇರೆ ಪಾಠವೇ ಬೇಕು ಅಂತ ನನಗೆ ಅನ್ನಿಸುತ್ತೆ. ಮನೆಯಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆ ಮಾತಾಡುವವರು ಇಲ್ಲಿದ್ದರೆ, ನಾನು, ನೀನು, ಅವನು, ಅವಳು, ಅದು, ಅವರು ಇವಿಷ್ಟಕ್ಕೂ “ಬಂದ” ಅನ್ನೋದರ ರೂಪ ಮತ್ತು “ಬರಲಿಲ್ಲ” ಅನ್ನೋದರ ರೂಪ ಬರೆದು ಕಳಿಸ್ತೀರಾ? ಪುಸ್ತಕದ ರೂಪ ಬೇಡ, ಅಡುಗೆಮನೆಯಲ್ಲಿ ಆಡುವ ರೂಪವೇ ಬೇಕು, ಯಾವ ಊರಿನ ಕಡೆಯದು ಅಂತಲೂ ಹೇಳಿ. “ದೇರ್” ಬಗ್ಗೆ ಆ ಹಿರಿಯರ ಪರ ಇರುವವರೂ ದಯವಿಟ್ಟು ಬರೆಯಿರಿ.